ಕೆಂಪು ದೀಪವೊಂದೇ ಉರಿಯುತ್ತಿದ್ದರೆ: ಅಪ್‌ಡೇಟ್ ಅರ್ಧಕ್ಕೆ ನಿಂತ ರಾಸ್ಪ್‌ಬೆರಿ ಪೈ ಮತ್ತೆ ಎದ್ದ ಬಗೆ

"ಸಾರ್, ಕೆಂಪು ದೀಪ ಒಂದೇ ಉರೀತಿದೆ, ಹಸಿರುದು ಮಿಣುಕ್ತಾನೇ ಇಲ್ಲ. ಸ್ಪೇರ್ ಕಾರ್ಡು ಹಾಕಿ ನೋಡಿದ್ವಿ, ಅದಕ್ಕೂ ಜಗ್ಗಲಿಲ್ಲ."

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಬೋರ್ಡಿನ ಬಗ್ಗೆ ಆಲ್ದೂರು ಕಡೆಯ ಕಾಫಿ ತೋಟವೊಂದರ ರೈಟರು (ತೋಟದ ಲೆಕ್ಕ ಬರೆಯುವವರು) ಫೋನಿನಲ್ಲಿ ಹೇಳಿದ್ದು ಇಷ್ಟೇ. ಆದರೆ ಕೆಲಸಕ್ಕೆ ಬೇಕಾದ ಮೂರು ಸಂಗತಿ ಅದರಲ್ಲಿದ್ದವು. ಕೆಂಪು ದೀಪ ಇದೆ ಎಂದರೆ ಬೋರ್ಡಿಗೆ ಕರೆಂಟು ಬರುತ್ತಿದೆ. ಹಸಿರು ದೀಪ ಒಮ್ಮೆಯೂ ಮಿಣುಕುತ್ತಿಲ್ಲ ಎಂದರೆ ಕಾರ್ಡು (ಕಾರ್ಯವ್ಯವಸ್ಥೆ, ದಾಖಲೆ ಎರಡೂ ಇರುವ ಎಸ್‌ಡಿ ಮೆಮೊರಿ ಕಾರ್ಡು) ಓದುವ ಹಂತಕ್ಕೇ ಬೋರ್ಡು ತಲುಪುತ್ತಿಲ್ಲ. ಎರಡು ಕಾರ್ಡಿಗೂ ಒಂದೇ ಲಕ್ಷಣ ಎಂದರೆ ದೋಷ ಕಾರ್ಡಿನಲ್ಲಷ್ಟೇ ಇಲ್ಲ. ಇಂಥ ಹೊತ್ತಿನಲ್ಲಿ ಬೋರ್ಡು ಸುಟ್ಟಿತೆಂದು ಎತ್ತಿಟ್ಟು ಹೊಸದು ತರಿಸುವವರೇ ಹೆಚ್ಚು. ಅದಕ್ಕಿಂತ ಕೆಟ್ಟದ್ದು, ಕಾರ್ಡನ್ನು ಅಳಿಸಿ ಹೊಸದಾಗಿ ಬರೆದುಬಿಡುವುದು. ಎರಡೂ ಬೇಕಿರಲಿಲ್ಲ.

ಬೋರ್ಡು ರಾಸ್ಪ್‌ಬೆರಿ ಪೈ 4 ಮಾಡೆಲ್ ಬಿ, 2 ಜಿಬಿಯದು. ಇರುವುದು ಪಲ್ಪರ್ ಹೌಸಿನ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮನೆ) ಗೋಡೆಯ ಮೇಲೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ. ಮಳೆ ಮಾಪಕದ ಲೆಕ್ಕ ಇಡುವುದು, ಸ್ಪ್ರಿಂಕ್ಲರ್ ಪಂಪು ಎಷ್ಟು ಹೊತ್ತು ಓಡಿತೆಂದು ಬರೆದಿಡುವುದು ಅದರ ಕೆಲಸ. ಮಾಪಕ ಟಿಪ್ಪಿಂಗ್ ಬಕೆಟ್ ಬಗೆಯದು, ಒಂದು ಸಲ ಮಗುಚಿದರೆ 0.01 ಇಂಚು. ಮಲೆನಾಡಿನ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟ್ಸ್ ಎಂದೇ ಬರೆಯುವುದರಿಂದ ಒಂದು ಟಿಪ್ ಎಂದರೆ ಒಂದು ಸೆಂಟು, ಲೆಕ್ಕ ನೇರ. ಕಾರ್ಡಿನಲ್ಲಿ ಮೂರು ಮಳೆಗಾಲದ ದಾಖಲೆ ಇತ್ತು. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವತ್ತು ಬಂತು, ಎಷ್ಟು ಬಂತು, ಬ್ಯಾಕಿಂಗ್ (ಹೂವಾದ ಮೇಲೆ ಕೊಡುವ ನೀರು) ಎಷ್ಟು ದಿನಕ್ಕೆ ಕೊಟ್ಟೆವು ಎಂಬುದೆಲ್ಲ ಮುಂದಿನ ವರ್ಷದ ತೀರ್ಮಾನಕ್ಕೆ ಬೇಕಾದ ಲೆಕ್ಕ. ಬೋರ್ಡಿಗೆ ಬೆಲೆ ಕಟ್ಟಬಹುದು, ಈ ಲೆಕ್ಕಕ್ಕೆ ಆಗದು. ಹಾಗಾಗಿ ಮುಂದಿನ ಪ್ರತಿ ಹೆಜ್ಜೆಯಲ್ಲೂ ಕಾರ್ಡು ಮೊದಲು, ಬೋರ್ಡು ಆಮೇಲೆ.

ನಡೆದದ್ದನ್ನು ರೈಟರಿಂದಲೇ ಒಂದೊಂದಾಗಿ ಕೇಳಿ ಜೋಡಿಸಬೇಕಾಯಿತು. ದೂರದಿಂದ ಅಪ್‌ಡೇಟ್ ಹಾಕಿ ರೀಬೂಟ್ ಕೊಡಲಾಗಿತ್ತು. ಆ ಅಪ್‌ಡೇಟಿನಲ್ಲಿ ಬೂಟ್‌ಲೋಡರಿನ (ಕರೆಂಟು ಬಂದಾಗ ಬೋರ್ಡನ್ನು ಏಳಿಸುವ ಪುಟ್ಟ ಪ್ರೋಗ್ರಾಂ) ಹೊಸ ಆವೃತ್ತಿಯೂ ಇತ್ತು. ಕೊಯ್ಲಿನ ಕಾಲ, ಸಂಜೆ, ಹಣ್ಣು ಬಂದು ಪಲ್ಪರ್ ಮೋಟಾರು ಶುರುವಾಗುವ ಹೊತ್ತು. ವೋಲ್ಟೇಜು ಕುಸಿಯಿತು, ಹಿಂದೆಯೇ ಕರೆಂಟೂ ಹೋಯಿತು. ಅಪ್‌ಡೇಟಿಗೆ ಆ ಹೊತ್ತನ್ನು ಆರಿಸಿದ್ದೇ ಮೊದಲ ತಪ್ಪು. ಕರೆಂಟು ಬಂದ ಮೇಲೆ ಪರದೆ ಕಪ್ಪಗಿರುವುದನ್ನು ನೋಡಿ ಯಾರೋ ಕಾರ್ಡು ತೆಗೆದು ಡಬ್ಬಿಯಲ್ಲಿದ್ದ ಸ್ಪೇರ್ ಹಾಕಿದರು. ತೆಗೆದ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದಾಗ ಎರಡು ಪ್ರಶ್ನೆ ಬಂದವಂತೆ. ಫಾರ್ಮ್ಯಾಟ್ ಮಾಡಲೇ ಎಂಬುದಕ್ಕೆ ಪುಣ್ಯಕ್ಕೆ ಬೇಡ ಒತ್ತಿದ್ದರು. ದೋಷ ಹುಡುಕಿ ಸರಿಪಡಿಸಲೇ ಎಂಬುದಕ್ಕೆ ಹೂಂ ಒತ್ತಿದ್ದರು.

ಪೈ 4 ಹೇಗೆ ಏಳುತ್ತದೆ ಎಂದು ಗೊತ್ತಿದ್ದರೆ ಎಡವಟ್ಟು ಎಲ್ಲಾಯಿತೆಂದು ತಾನಾಗಿ ಕಾಣುತ್ತದೆ. ಪೈ 3 ಮತ್ತು ಅದಕ್ಕೂ ಹಿಂದಿನ ಬೋರ್ಡುಗಳಲ್ಲಿ ಬೂಟ್‌ಲೋಡರ್ ಕಾರ್ಡಿನಲ್ಲೇ ಇರುತ್ತಿತ್ತು. 2019ರ ಜೂನಿನಲ್ಲಿ ಬಂದ ಪೈ 4ರಲ್ಲಿ ಅದಕ್ಕೆಂದೇ 512 ಕೆಬಿಯ ಇಇಪ್ರಾಮ್ ಚಿಪ್ಪು (ಕರೆಂಟು ಹೋದರೂ ಬರೆದದ್ದು ಉಳಿಯುವಂಥದ್ದು) ಬೋರ್ಡಿನ ಮೇಲಿದೆ. 2023ರಲ್ಲಿ ಬಂದ ಪೈ 5ರಲ್ಲಿ ಅದು 2 ಎಂಬಿ. ಆದರೆ ಪ್ರೊಸೆಸರಿನೊಳಗೆ ಇನ್ನೂ ಒಂದು ಪುಟ್ಟ ಬೂಟ್ ರೋಮ್ ಇದೆ. ಅದು ಕಾರ್ಖಾನೆಯಲ್ಲೇ ಸಿಲಿಕಾನಿನಲ್ಲಿ ಮೂಡಿದ್ದು, ಯಾವ ಅಪ್‌ಡೇಟೂ ಅದನ್ನು ಮುಟ್ಟಲಾರದು. ಕರೆಂಟು ಬಂದೊಡನೆ ಈ ರೋಮ್ ಇಇಪ್ರಾಮಿನ ಹತ್ತಿರ ಹೋಗುವ ಮೊದಲು ಎಸ್‌ಡಿ ಕಾರ್ಡಿನಲ್ಲಿ ರಿಕವರಿ.ಬಿನ್ ಎಂಬ ಕಡತ ಇದೆಯೇ ಎಂದು ನೋಡುತ್ತದೆ. ಇದ್ದರೆ ಅದನ್ನು ಓಡಿಸುತ್ತದೆ. ಇಲ್ಲದಿದ್ದರೆ ಇಇಪ್ರಾಮಿಗೆ ಹೋಗುತ್ತದೆ. ಅದೂ ಕೆಟ್ಟಿದ್ದರೆ ಯುಎಸ್‌ಬಿ-ಸಿ ಕಿಂಡಿಯಲ್ಲಿ ಯಾರಾದರೂ ರಿಕವರಿ ಕಳಿಸುತ್ತಾರೇನೋ ಎಂದು ಕಾಯುತ್ತ ಕೂರುತ್ತದೆ.

ಮಾಮೂಲಿ ಅಪ್‌ಡೇಟ್ ನಡೆಯುವುದೂ ಈ ದಾರಿಯಲ್ಲೇ. ಅಪ್‌ಡೇಟ್ ಉಪಕರಣ ಕಾರ್ಡಿನ ಬೂಟ್ ಭಾಗದಲ್ಲಿ (ಬೋರ್ಡು ಏಳಲು ಬೇಕಾದ ಕಡತಗಳಿರುವ ಭಾಗ) ಮೂರು ಕಡತ ಇಡುತ್ತದೆ: ರಿಕವರಿ.ಬಿನ್, ಹೊಸ ಬೂಟ್‌ಲೋಡರ್ ಇರುವ ಪೈಇಇಪ್ರಾಮ್.ಯುಪಿಡಿ, ಅದರ ಹ್ಯಾಶ್ (ಕಡತ ಕೆಟ್ಟಿಲ್ಲವೆಂದು ತಾಳೆ ನೋಡುವ ಸಂಖ್ಯೆ) ಇರುವ ಪೈಇಇಪ್ರಾಮ್.ಸಿಗ್. ರೀಬೂಟಿನಲ್ಲಿ ಹ್ಯಾಶ್ ತಾಳೆಯಾದರೆ ಇಇಪ್ರಾಮಿಗೆ ಬರೆಯುತ್ತದೆ. ಬರೆದು ಮುಗಿದ ಮೇಲಷ್ಟೇ ರಿಕವರಿ.ಬಿನ್ ತನ್ನ ಹೆಸರನ್ನು ರಿಕವರಿ.000 ಎಂದು ಬದಲಿಸಿಕೊಂಡು ಬೋರ್ಡನ್ನು ಮತ್ತೆ ಏಳಿಸುತ್ತದೆ. ಅಂದರೆ ಬರೆಯುವಾಗ ಕರೆಂಟು ಹೋದರೂ ಹೆಸರು ಬದಲಾಗಿರುವುದಿಲ್ಲ, ಕರೆಂಟು ಬಂದಾಗ ರೋಮ್ ಅದೇ ಕಡತವನ್ನು ಮತ್ತೆ ಹಿಡಿದು ಮೊದಲಿಂದ ಬರೆಯುತ್ತದೆ. ಮಾಡಿದವರು ಇದನ್ನು ಯೋಚಿಸಿಯೇ ಮಾಡಿದ್ದಾರೆ, ಮೆಚ್ಚಬೇಕು. ಇಲ್ಲಿ ಆ ಕಾರ್ಡನ್ನು ಅಲ್ಲೇ ಬಿಟ್ಟಿದ್ದರೆ ಬೋರ್ಡು ತಾನಾಗಿ ಎದ್ದಿರುತ್ತಿತ್ತು. ಕಾರ್ಡು ತೆಗೆದಾಗ ಔಷಧಿ ಕಾರ್ಡಿನಲ್ಲಿ ಉಳಿಯಿತು, ಅರ್ಧ ಬರೆದ ಇಇಪ್ರಾಮ್ ಬೋರ್ಡಿನಲ್ಲಿ ಉಳಿಯಿತು. ಸ್ಪೇರ್ ಕಾರ್ಡಿನಲ್ಲಿ ರಿಕವರಿ.ಬಿನ್ ಇರಲಿಲ್ಲ. ಇನ್ನು ಲ್ಯಾಪ್‌ಟಾಪ್ "ಸರಿಪಡಿಸಿದ" ಮೇಲೆ ಮೂಲ ಕಾರ್ಡಿನ ಬೂಟ್ ಭಾಗವೂ ನಂಬುವಂತಿರಲಿಲ್ಲ.

ಕಟ್ಟುವ ಮುನ್ನ ಅಳೆಯಬೇಕು. ಮಳೆ ಮಾಪಕದ ವೈರು, ರಿಲೇ, ಯುಎಸ್‌ಬಿ ಡಾಂಗಲ್ ಎಲ್ಲ ಬಿಚ್ಚಿ, ಬರೀ ಬೋರ್ಡು ಮತ್ತು ಅಡಾಪ್ಟರ್ ಇಟ್ಟುಕೊಂಡು ಮಲ್ಟಿಮೀಟರ್ ಹಿಡಿಯುವುದು. 40 ಪಿನ್ನಿನ ಸಾಲಿನಲ್ಲಿ 2ನೇ ಪಿನ್ನಿಗೂ 6ನೇ ಪಿನ್ನಿಗೂ (ಗ್ರೌಂಡ್) ನಡುವೆ 4.8ರಿಂದ 5.2 ವೋಲ್ಟ್ ಇರಬೇಕು. 1ನೇ ಪಿನ್ನಿಗೂ 6ನೇ ಪಿನ್ನಿಗೂ ನಡುವೆ 3.3 ವೋಲ್ಟ್. 5 ಇದ್ದು 3.3 ಇಲ್ಲದಿದ್ದರೆ ಬೋರ್ಡಿನ ಪವರ್ ಚಿಪ್ಪೇ ಹೋಗಿರುವ ಸಂಭವ ಹೆಚ್ಚು, ಯಾವ ರಿಕವರಿ ಕಾರ್ಡೂ ಅದನ್ನು ಉಳಿಸದು. ಮೀಟರಿನ ಮೊನೆ ಜಾರಿ 1 ಮತ್ತು 2ನೇ ಪಿನ್ನುಗಳನ್ನು ಸೇರಿಸಿದರೆ 5 ವೋಲ್ಟ್ ನೇರ 3.3ರ ದಾರಿಗೆ ನುಗ್ಗಿ ಚೆನ್ನಾಗಿರುವ ಬೋರ್ಡೂ ಸಾಯುತ್ತದೆ, ಕೈ ಗಟ್ಟಿ ಇರಲಿ. ಇಲ್ಲಿ 5.04 ಮತ್ತು 3.31 ಬಂತು.

ಎರಡನೆಯ ಪರೀಕ್ಷೆ ಇನ್ನೂ ಸುಲಭ. ಕಾರ್ಡು ಹಾಕದೆ, ಯುಎಸ್‌ಬಿ-ಸಿ ಕಿಂಡಿಯ ಪಕ್ಕದ ಎಚ್‌ಡಿಎಂಐಗೆ ಮಾನಿಟರ್ ಕೊಟ್ಟು ಕರೆಂಟು ಹಾಕಿ. ಇಇಪ್ರಾಮ್ ಚೆನ್ನಾಗಿದ್ದರೆ ಬೂಟ್‌ಲೋಡರಿನ ಮಾಹಿತಿ ಪರದೆ ಬರುತ್ತದೆ, ತೀರಾ ಹಳೆಯ ಆವೃತ್ತಿಯಾದರೂ ಹಸಿರು ದೀಪ ಒಂದು ಕ್ರಮದಲ್ಲಿ ಮತ್ತೆ ಮತ್ತೆ ಮಿಣುಕುತ್ತದೆ. ಏನೂ ಬರದಿದ್ದರೆ ಇಇಪ್ರಾಮ್ ಕೆಟ್ಟಿದೆ. ಇಲ್ಲಿ ಏನೂ ಬರಲಿಲ್ಲ. ಹಾಗೇ ಯುಎಸ್‌ಬಿ-ಸಿ ಕೇಬಲ್ಲಿನಿಂದ ಲಿನಕ್ಸ್ ಲ್ಯಾಪ್‌ಟಾಪಿಗೆ ಜೋಡಿಸಿ ಯುಎಸ್‌ಬಿ ಪಟ್ಟಿ ನೋಡಿದಾಗ ಬಿಸಿಎಂ2711 ಬೂಟ್ ಎಂಬ ಸಾಧನ ಕಾಣಿಸಿತು. ರೋಮ್ ಬದುಕಿದೆ, ಸಹಾಯಕ್ಕೆ ಕಾಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ರಿಕವರಿ ಕಾರ್ಡು ಮಾಡುವುದು, ಕಾರ್ಡು ಬರೆಯುವ ತಂತ್ರಾಂಶವಾದ ರಾಸ್ಪ್‌ಬೆರಿ ಪೈ ಇಮೇಜರ್ ಇದ್ದರೆ, ಒಂದೆರಡು ನಿಮಿಷದ ಕೆಲಸ. ಆಪರೇಟಿಂಗ್ ಸಿಸ್ಟಂ ಆರಿಸುವಲ್ಲಿ ಮಿಸ್ಕ್ ಯುಟಿಲಿಟಿ ಇಮೇಜಸ್, ಅದರೊಳಗೆ ಪೈ 4ರ ಬೂಟ್‌ಲೋಡರ್, ಅದರೊಳಗೆ ಎಸ್‌ಡಿ ಕಾರ್ಡ್ ಬೂಟ್. ಎಸ್‌ಎಸ್‌ಡಿಯಿಂದ ಏಳುವ ಬೋರ್ಡಾದರೆ ಯುಎಸ್‌ಬಿ ಬೂಟ್ ಆರಿಸಿ. ಪೈ 5ಕ್ಕೆ ಬೇರೆಯದೇ ಇದೆ, ಅದಲು ಬದಲು ಮಾಡಬಾರದು. ತೋಟದಲ್ಲಿ ಇಮೇಜರ್ ಇಳಿಸುವಷ್ಟು ನೆಟ್‌ವರ್ಕ್ ಇರಲಿಲ್ಲ. ಫೋನಿನಲ್ಲಿ ರಿಕವರಿಯ ಜಿಪ್ ಮಾತ್ರ ಇಳಿಸಿ ಕಾರ್ಡಿಗೆ ಬಿಡಿಸಿದ್ದಾಯಿತು. ಮೊದಲ ಯತ್ನ ಫಲಿಸಲಿಲ್ಲ. ಅದು 64 ಜಿಬಿಯ ಹೊಸ ಕಾರ್ಡು. 32 ಜಿಬಿಗಿಂತ ದೊಡ್ಡ ಕಾರ್ಡುಗಳು ಅಂಗಡಿಯಿಂದಲೇ ಎಕ್ಸ್‌ಫ್ಯಾಟ್ ಎಂಬ ಕಡತ ವ್ಯವಸ್ಥೆಯಲ್ಲಿ ಬರುತ್ತವೆ, ಬೂಟ್ ರೋಮಿಗೆ ಆ ಭಾಷೆ ತಿಳಿಯದು. ಹಳೆಯ 8 ಜಿಬಿ ಕಾರ್ಡನ್ನು ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿ, ಕಡತಗಳನ್ನು ಯಾವ ಫೋಲ್ಡರಿನೊಳಗೂ ಅಲ್ಲದೆ ಕಾರ್ಡಿನ ಬೇರಿನಲ್ಲೇ ಬಿಡಿಸಿದ ಮೇಲೆ ಕೆಲಸ ಮಾಡಿತು. ಜಿಪ್ಪನ್ನು ಬಿಡಿಸುವಾಗ ತಾನಾಗಿ ಒಂದು ಫೋಲ್ಡರ್ ಹುಟ್ಟಿಕೊಳ್ಳುತ್ತದೆ, ಬಹಳ ಮಂದಿ ಎಡವುವುದು ಅಲ್ಲೇ.

ಕಾರ್ಡು ಹಾಕಿ ಕರೆಂಟು ಕೊಟ್ಟ ಕೆಲವೇ ಸೆಕೆಂಡಿನಲ್ಲಿ ಹಸಿರು ದೀಪ ಒಂದೇ ಸಮನೆ ಬೇಗ ಬೇಗ ಮಿಣುಕಲು ಶುರುವಾಯಿತು, ಮಾನಿಟರ್ ಪೂರ್ತಿ ಹಸಿರಾಯಿತು. ಕನಿಷ್ಠ 10 ಸೆಕೆಂಡು ಬಿಡಬೇಕು. ಪರದೆ ಕೆಂಪಾದರೆ ಬರವಣಿಗೆ ವಿಫಲ. ಹಳೆಯ ಮಾನಿಟರಿಗೆ ಪರಿವರ್ತಕ ಹಾಕಿದ್ದರೆ ಬಣ್ಣವೇ ಬರದಿರಬಹುದು, ದೀಪವನ್ನು ನಂಬಿ. ಈ ಕಾರ್ಡಿನಲ್ಲಿರುವುದು ಪೈಇಇಪ್ರಾಮ್.ಬಿನ್, ಯುಪಿಡಿ ಅಲ್ಲ. ಹಾಗಾಗಿ ಅದು ರೀಬೂಟ್ ಆಗದೆ ಅಲ್ಲೇ ಮಿಣುಕುತ್ತ ನಿಲ್ಲುತ್ತದೆ. ಕರೆಂಟು ತೆಗೆದು ಕಾರ್ಡು ತೆಗೆಯುವುದು ನಮ್ಮ ಕೆಲಸ. ಕಾರ್ಡಿಲ್ಲದೆ ಮತ್ತೆ ಹಾಕಿದಾಗ ಬೂಟ್‌ಲೋಡರಿನ ಪರದೆ ಬಂತು. ಬೋರ್ಡಿನ ಮಟ್ಟಿಗೆ ಕಥೆ ಮುಗಿಯಿತು. ಹಿಂದೆ ಬೂಟ್ ಆರ್ಡರ್ ಏನಾದರೂ ಬದಲಿಸಿದ್ದರೆ ಅದು ಅಳಿಸಿಹೋಗಿರುತ್ತದೆ, ಮತ್ತೆ ಹಾಕಬೇಕು. 0ಎಕ್ಸ್‌ಎಫ್41 ಎಂಬುದನ್ನು ಬಲದಿಂದ ಎಡಕ್ಕೆ ಓದಿ: 1 ಎಂದರೆ ಎಸ್‌ಡಿ, 4 ಎಂದರೆ ಯುಎಸ್‌ಬಿ, ಎಫ್ ಎಂದರೆ ಮತ್ತೆ ಮೊದಲಿಂದ.

ಮೂಲ ಕಾರ್ಡು ಹಾಕಿದಾಗ ಹಸಿರು ದೀಪ ನಾಲ್ಕು ಸಲ ಮಿಣುಕಿ, ತಡೆದು, ಮತ್ತೆ ನಾಲ್ಕು ಸಲ ಮಿಣುಕಿತು. ಈ ಎಣಿಕೆ ಕಲಿತಿರುವುದು ಒಳ್ಳೆಯದು, ಮಾನಿಟರ್ ಇಲ್ಲದ ಕಡೆ ಫೋನಿನಲ್ಲೇ ರೋಗ ತಿಳಿಯುತ್ತದೆ. ನಾಲ್ಕು ಗಿಡ್ಡ ಮಿಣುಕು ಎಂದರೆ ಸ್ಟಾರ್ಟ್4.ಎಲ್ಫ್ ಎಂಬ ಫರ್ಮ್‌ವೇರ್ ಕಡತ ಸಿಗಲಿಲ್ಲ. ಏಳು ಎಂದರೆ ಕರ್ನಲ್ (ಕಾರ್ಯವ್ಯವಸ್ಥೆಯ ತಿರುಳು) ಸಿಗಲಿಲ್ಲ. ಎರಡು ಉದ್ದ ಒಂದು ಗಿಡ್ಡ ಎಂದರೆ ಬೂಟ್ ಭಾಗ ಫ್ಯಾಟ್ ಆಗಿಲ್ಲ. ಮೂರು ಉದ್ದ ಒಂದು ಗಿಡ್ಡ ಎಂದರೆ ಇಇಪ್ರಾಮಿನ ದೋಷ. ಲ್ಯಾಪ್‌ಟಾಪಿನ "ಸರಿಪಡಿಕೆ" ಬೂಟ್ ಭಾಗದಲ್ಲಿ ಫೌಂಡ್.000 ಎಂಬ ಫೋಲ್ಡರ್ ಮಾಡಿ, ಬಿಡಿಬಿಡಿಯಾದ ತುಂಡುಗಳನ್ನು ಅದಕ್ಕೆ ಸುರಿದಿತ್ತು.

ಇಲ್ಲಿಂದ ಮುಂದೆ ಅವಸರ ಸಲ್ಲದು. ಏಟು ತಿಂದ ಕಾರ್ಡಿನ ಮೇಲೆ ನೇರ ದುರಸ್ತಿ ಮಾಡಬೇಡಿ, ಮೊದಲು ಪೂರ್ತಿ ಕಾರ್ಡಿನ ಇಮೇಜ್ (ಯಥಾವತ್ ಪ್ರತಿ) ತೆಗೆಯಿರಿ. ಕಾರ್ಡಿನ ಹಿತ್ತಾಳೆ ಬಣ್ಣದ ಪಟ್ಟಿಗಳಿಗೆ ಕಿಲುಬು ಹಿಡಿದಿತ್ತು, ಮಲೆನಾಡಿನ ಮಳೆಗಾಲ ಕಳೆದ ಕಾರ್ಡುಗಳಿಗೆ ಹಿಡಿಯಬಹುದು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ರೀಡರಿಗೆ ಹಾಕಿ. ಸಾಧನದ ಹೆಸರು ಎರಡು ಸಲ ನೋಡಿಕೊಳ್ಳಿ, ತಾನಾಗಿ ಮೌಂಟ್ ಆಗಿದ್ದರೆ ಅನ್‌ಮೌಂಟ್ ಮಾಡಿ. ಇಮೇಜಿಗೆ ಲಿನಕ್ಸಿನ ಡಿಡಿ ಆದೇಶ ಸಾಕೆನಿಸಬಹುದು, ಆದರೆ ಡಿಡಿರೆಸ್ಕ್ಯೂ ಒಳ್ಳೆಯದು. ಅದಕ್ಕೆ ಮೂಲ ಕಾರ್ಡು, ಇಮೇಜ್ ಕಡತ, ಮ್ಯಾಪ್ ಕಡತ ಎಂದು ಮೂರು ಹೆಸರು ಕೊಡುವುದು. ಓದಲಾಗದ ಜಾಗ ಬಿಟ್ಟು ಮುಂದೆ ಹೋಗಿ, ಕೊನೆಗೆ ಹಿಂತಿರುಗಿ ಅದನ್ನೇ ಮತ್ತೆ ಯತ್ನಿಸುತ್ತದೆ. ನಡುವೆ ಕರೆಂಟು ಹೋದರೂ ಮ್ಯಾಪ್ ನೋಡಿ ಬಿಟ್ಟಲ್ಲಿಂದ ಹಿಡಿಯುತ್ತದೆ. ಸೆಕೆಂಡಿಗೆ 20 ಎಂಬಿ ಓದುವ ರೀಡರಿನಲ್ಲಿ 32 ಜಿಬಿಗೆ ಅರ್ಧ ಗಂಟೆಯ ಹತ್ತಿರ ಹಿಡಿಯುತ್ತದೆ. ಮುಗಿದ ಮೇಲೆ ಮೂಲ ಕಾರ್ಡನ್ನು ಲಕೋಟೆಗೆ ಹಾಕಿ ದಿನಾಂಕ ಬರೆದು ಎತ್ತಿಟ್ಟುಬಿಡಿ. ಮುಂದಿನದೆಲ್ಲ ಇಮೇಜಿನ ಪ್ರತಿಯ ಮೇಲೆ.

ಇಮೇಜನ್ನು ಲೂಪ್ ಸಾಧನವಾಗಿ ಜೋಡಿಸಿ ಬೂಟ್ ಭಾಗಕ್ಕೆ ಎಫ್‌ಎಸ್‌ಸಿಕೆ, ರೂಟ್ ಭಾಗಕ್ಕೆ (ಕಾರ್ಯವ್ಯವಸ್ಥೆ, ದಾಖಲೆ ಇರುವ ಭಾಗ) ಇ2ಎಫ್‌ಎಸ್‌ಸಿಕೆ ಎಂಬ ದೋಷ ತಿದ್ದುವ ಆದೇಶಗಳನ್ನು ಓಡಿಸಿದಾಗ ರೂಟಿನಲ್ಲಿ ಸಣ್ಣಪುಟ್ಟ ತಿದ್ದುಪಡಿಯಷ್ಟೇ ಆಯಿತು. ಮಳೆಯ ಲೆಕ್ಕ ಎಸ್‌ಕ್ಯೂಲೈಟ್ ಎಂಬ ದತ್ತಾಂಶ ಕಡತದಲ್ಲಿತ್ತು. ಒಂದು ಎಚ್ಚರಿಕೆ: ಕೊನೆಯ ದಾಖಲೆಗಳು ಮುಖ್ಯ ಕಡತದಲ್ಲಿರದೆ ಪಕ್ಕದ ವಾಲ್ ಎಂಬ ತಾತ್ಕಾಲಿಕ ಕಡತದಲ್ಲಿ ಇರಬಹುದು. ಎರಡನ್ನೂ ಒಟ್ಟಿಗೆ ಒಂದೇ ಫೋಲ್ಡರಿಗೆ ನಕಲು ಮಾಡಿದ ಮೇಲೆಯೇ ತೆರೆಯಬೇಕು, ಮುಖ್ಯ ಕಡತವನ್ನಷ್ಟೇ ತಂದರೆ ಕೊನೆಯ ಲೆಕ್ಕ ಕಳೆದುಹೋಗುತ್ತದೆ. ತೆರೆದು ಇಂಟೆಗ್ರಿಟಿ ಚೆಕ್ ಕೊಟ್ಟಾಗ ಓಕೆ ಬಂತು. ಅಲ್ಲಿಗೆ ಮೂರು ಮಳೆಗಾಲ ಉಳಿದವು. ಬೋರ್ಡು ನಿಂತಿದ್ದ ದಿನಗಳನ್ನು ರೈಟರ ಕೈಬರಹದ ಮಳೆ ಪುಸ್ತಕದಿಂದ ತುಂಬಲಾಯಿತು. ಯಂತ್ರ ಬಂದಿದೆಯೆಂದು ಆ ಪುಸ್ತಕ ಬರೆಯುವುದನ್ನು ಯಾವ ತೋಟವೂ ನಿಲ್ಲಿಸಬಾರದು.

ಬೂಟ್ ಭಾಗಕ್ಕೆ ಬೇರೆ ಕಾರ್ಡಿನಿಂದ ಸ್ಟಾರ್ಟ್4.ಎಲ್ಫ್, ಫಿಕ್ಸಪ್4.ಡ್ಯಾಟ್, ಕರ್ನಲ್ ತಂದು ಹಾಕುವುದು ಅಡ್ಡದಾರಿ. ಕರ್ನಲಿನ ಆವೃತ್ತಿ ರೂಟ್ ಭಾಗದ ಮಾಡ್ಯೂಲುಗಳಿಗೆ ಹೊಂದದಿದ್ದರೆ ಬೋರ್ಡು ಏಳುತ್ತದೆ, ಆದರೆ ವೈಫೈ ಇರುವುದಿಲ್ಲ, ಕಾರಣವೂ ಹೊಳೆಯುವುದಿಲ್ಲ. ಸರಿಯಾದ ದಾರಿ ಇನ್ನೊಂದು 64 ಬಿಟ್ ಪೈ ಮೇಲೆ ಸಿರೂಟ್ ಮಾಡುವುದು, ಅಂದರೆ ಅಲ್ಲಿಂದಲೇ ಇಮೇಜಿನ ವ್ಯವಸ್ಥೆಯೊಳಗೆ ಹೊಕ್ಕು ಕೆಲಸ ಮಾಡುವುದು. ರೂಟ್ ಭಾಗವನ್ನು ಒಂದು ಫೋಲ್ಡರಿಗೆ ಮೌಂಟ್ ಮಾಡಿ, ಅದರೊಳಗಿನ ಬೂಟ್/ಫರ್ಮ್‌ವೇರ್ ಜಾಗಕ್ಕೆ ಬೂಟ್ ಭಾಗವನ್ನು ಮೌಂಟ್ ಮಾಡಿ (ರಾಸ್ಪ್‌ಬೆರಿ ಪೈ ಓಎಸ್‌ನ 2023ರ ಬುಕ್‌ವರ್ಮ್‌ಗೆ ಮುಂಚಿನ ಆವೃತ್ತಿಯಾದರೆ ಬರೀ ಬೂಟ್), ಡೆವ್, ಪ್ರಾಕ್, ಸಿಸ್ ಮೂರನ್ನೂ ಬೈಂಡ್ ಮಾಡಿ ಒಳಹೋಗಬೇಕು. ಒಳಗೆ ಮೊದಲು ಪ್ಯಾಕೇಜು ಹಾಕುವ ಡಿಪಿಕೆಜಿಗೆ ಅರ್ಧಕ್ಕೆ ನಿಂತ ಕಾನ್ಫಿಗರ್ ಕೆಲಸವೆಲ್ಲ ಮುಗಿಸಲು ಹೇಳಿ, ಆಮೇಲೆ ರಾಸ್ಪಿ-ಫರ್ಮ್‌ವೇರ್ ಮತ್ತು ಕರ್ನಲ್ ಪ್ಯಾಕೇಜುಗಳನ್ನು ರೀಇನ್‌ಸ್ಟಾಲ್ ಮಾಡುವುದು. ಕರ್ನಲಿಗೆ ಆವೃತ್ತಿ ಸಂಖ್ಯೆ ಇರುವ ಪ್ಯಾಕೇಜನ್ನೇ ಹೆಸರಿಸಬೇಕು. ಸಂಖ್ಯೆ ಇಲ್ಲದ ಲಿನಕ್ಸ್-ಇಮೇಜ್-ಆರ್‌ಪಿಐ-ವಿ8 ಬರೀ ಚೀಟಿ, ಅದನ್ನು ಎಷ್ಟು ಸಲ ಹಾಕಿದರೂ ಕರ್ನಲ್ ಕಡತ ಬರದು.

ಕರ್ನಲಿಗೆ ಸೂಚನೆ ಕೊಡುವ ಸಿಎಂಡಿಲೈನ್ ಕಡತವೂ ಕಾಣೆಯಾಗಿತ್ತು. ಫೌಂಡ್.000ದ ತುಂಡುಗಳಲ್ಲಿ ರೂಟ್ ಎಂಬ ಪದ ಹುಡುಕಿದಾಗ ಹಳೆಯ ಸಾಲು ಇಡಿಯಾಗಿ ಸಿಕ್ಕಿತು. ಅದು ಒಂದೇ ಸಾಲಿನಲ್ಲಿರಬೇಕು, ನಡುವೆ ಎಂಟರ್ ಬಿದ್ದರೆ ಉಳಿದದ್ದನ್ನು ಕರ್ನಲ್ ನೋಡುವುದೇ ಇಲ್ಲ. ಅದರ ಪಾರ್ಟ್‌ಯುಯುಐಡಿ (ರೂಟ್ ಭಾಗದ ಗುರುತು ಸಂಖ್ಯೆ), ಮೌಂಟ್ ಪಟ್ಟಿಯಾದ ಎಫ್‌ಎಸ್‌ಟ್ಯಾಬಿನಲ್ಲಿರುವುದು, ಬಿಎಲ್‌ಕೆಐಡಿ ಆದೇಶ ತೋರಿಸುವುದು ಮೂರೂ ಒಂದಾಗಿರಬೇಕು.

ಹೊಸ ಕಾರ್ಡಿಗೆ ಬರೆಯುವಾಗ 32 ಜಿಬಿ ಇಮೇಜಿಗೆ 32 ಜಿಬಿಯದೇ ಬೇರೆ ಕಂಪನಿಯ ಕಾರ್ಡು ತಂದರೆ ಕೆಲವು ಎಂಬಿ ಕಡಿಮೆಯಿದ್ದು ಹಿಡಿಸದೇ ಹೋಗಬಹುದು. ಇಲ್ಲಿ ಫ್ಯಾಟ್32 ಗೊಡವೆ ಇಲ್ಲದ್ದರಿಂದ ಆ 64 ಜಿಬಿ ಕಾರ್ಡೇ ಕೆಲಸಕ್ಕೆ ಬಂತು, ಇಮೇಜ್ ತನ್ನದೇ ಫ್ಯಾಟ್ ಭಾಗವನ್ನು ಹೊತ್ತು ತರುತ್ತದೆ. ಹಾಕಿದ ಮೊದಲ ಸಲವೇ ಎದ್ದಿತು. ಎದ್ದೊಡನೆ, ವೋಲ್ಟೇಜು ಕುಸಿದಿತ್ತೇ ಎಂದು ಗೆಟ್_ಥ್ರಾಟಲ್ಡ್ ಆದೇಶದಿಂದ ಕೇಳಿದಾಗ 0ಎಕ್ಸ್0 ಬಂತು, ಆದರೆ ಮೋಟಾರು ಶುರು ಮಾಡಿಸಿ ಮತ್ತೆ ಕೇಳಿದಾಗ 0ಎಕ್ಸ್50000. ಅಂದರೆ ನಡುವೆ ಒಮ್ಮೆ ವೋಲ್ಟೇಜು 4.63ರ ಕೆಳಗೆ ಇಳಿದು, ಬೋರ್ಡು ವೇಗ ತಗ್ಗಿಸಿಕೊಂಡಿದೆ. ಬೇರು ಇದು. ಇದನ್ನು ಬಿಟ್ಟು ಕಾರ್ಡು ಬದಲಿಸುತ್ತ ಹೋದರೆ ಪ್ರತಿ ಕೊಯ್ಲಿಗೂ ಇದೇ ಪಾಡು.

ಮೋಟಾರಿನ ಲೈನಿನಿಂದ ಅಡಾಪ್ಟರ್ ಬಿಡಿಸಿ, ನಡುವೆ 12 ವೋಲ್ಟ್ 7 ಆಂಪಿಯರ್-ಅವರಿನ ಸೀಲ್ಡ್ ಬ್ಯಾಟರಿ, ಅದಕ್ಕೆ ಚಾರ್ಜರ್, ಮುಂದೆ 5 ವೋಲ್ಟಿಗಿಳಿಸುವ ಬಕ್ ಕನ್ವರ್ಟರ್ ಹಾಕಲಾಯಿತು. ಬ್ಯಾಟರಿಯಲ್ಲಿ 84 ವಾಟ್-ಅವರ್, ಬಾಳಿಕೆಗಾಗಿ ಅರ್ಧ ಮಾತ್ರ ಬಳಸಿದರೆ 42. ಕನ್ವರ್ಟರಿನಲ್ಲಿ ಶೇ 15 ಹೋದರೂ, 4 ವಾಟಿನ ಬೋರ್ಡು ಸುಮಾರು 9 ಗಂಟೆ ಓಡುತ್ತದೆ. ಕನ್ವರ್ಟರನ್ನು ಬೋರ್ಡಿಗೆ ಜೋಡಿಸುವ ಮೊದಲೇ ಮೀಟರ್ ಹಿಡಿದು 5.1ಕ್ಕೆ ತಿರುಗಿಸಿ, ಸ್ಕ್ರೂಗೆ ಒಂದು ಹನಿ ನೈಲ್ ಪಾಲಿಶ್ ಹಾಕಿ, ಇಲ್ಲದಿದ್ದರೆ ಮೋಟಾರಿನ ಅದುರಿಗೆ ಅದು ತಾನಾಗಿ ತಿರುಗುತ್ತದೆ. ವೈರು ದಪ್ಪ ಇರಲಿ, ಗಿಡ್ಡ ಇರಲಿ.

ಪೈ 4ರಲ್ಲಿ ಗಡಿಯಾರದ ಚಿಪ್ಪಿಲ್ಲ. ನೆಟ್ ಇಲ್ಲದಾಗ ಎದ್ದರೆ ಹಳೆಯ ಹೊತ್ತಿನಲ್ಲೇ ಮಳೆ ದಾಖಲಾಗುತ್ತದೆ. ಡಿಎಸ್3231 ಗಡಿಯಾರ ಮಾಡ್ಯೂಲನ್ನು ಪಿನ್ 1, 3, 5, 9ಕ್ಕೆ ಕೂರಿಸಿ ಕಾನ್ಫಿಗಿನಲ್ಲಿ ಐ2ಸಿ-ಆರ್‌ಟಿಸಿ ಓವರ್‌ಲೇ ಹಾಕಿದರೆ ಆ ಚಿಂತೆ ಮುಗಿಯಿತು.

ಇಇಪ್ರಾಮ್ ತಾನಾಗಿ ಅಪ್‌ಡೇಟ್ ಆಗುವ ಸೇವೆಯನ್ನು ಮಾಸ್ಕ್ ಮಾಡಿಟ್ಟಿದೆ, ಅಂದರೆ ಶುರುವಾಗದಂತೆ ತಡೆದಿದೆ. ಉಪಕರಣವನ್ನು ಬರಿದೇ ಓಡಿಸಿದರೆ ಈಗಿನ ಆವೃತ್ತಿ, ಹೊಸ ಆವೃತ್ತಿ ಎರಡನ್ನೂ ತೋರಿಸುತ್ತದಷ್ಟೆ, ಬರೆಯುವುದಿಲ್ಲ. ಬೇಕೆನಿಸಿದಾಗ, ಯಾರಾದರೂ ಬೋರ್ಡಿನ ಎದುರಿಗಿರುವಾಗ ಬರೆಸಿದರಾಯಿತು. ಡಬ್ಬಿಯ ಮುಚ್ಚಳದ ಒಳಗೆ ಆ 8 ಜಿಬಿ ರಿಕವರಿ ಕಾರ್ಡು ಅಂಟಿಸಿದೆ, ಪಕ್ಕದಲ್ಲಿ ಚೀಟಿ: "ಕರೆಂಟು ಹೋಗಿ ಬಂದರೆ ಕಾರ್ಡು ತೆಗೆಯಬೇಡಿ. ಐದು ನಿಮಿಷ ಕಾಯಿರಿ. ಹಸಿರು ದೀಪ ಎಷ್ಟು ಸಲ ಮಿಣುಕುತ್ತದೆ ಎಣಿಸಿ ಫೋನ್ ಮಾಡಿ."

ಕೊನೆಗೆ ಮಾಪಕದಿಂದ ಕಡತದವರೆಗೆ ಎಲ್ಲ ಸರಿಯಿದೆಯೇ ಎಂದು ನೀರು ಹೊಯ್ದೇ ನೋಡಬೇಕು. 8 ಇಂಚು ಬಾಯಿಯ ಮಾಪಕಕ್ಕೆ ಒಂದು ಸೆಂಟು ಎಂದರೆ 8.24 ಮಿಲೀ, 50 ಸೆಂಟಿಗೆ 412 ಮಿಲೀ. ಬಾಟಲಿಯ ಮುಚ್ಚಳಕ್ಕೆ ಸೂಜಿಯ ತೂತು ಮಾಡಿ, ಮಾಪಕದ ಮೇಲೆ ಬೋರಲು ಹಾಕಿ, ಅರ್ಧ ಗಂಟೆಗೂ ಹೆಚ್ಚು ಹೊತ್ತು ಹನಿಯಲು ಬಿಟ್ಟದ್ದಾಯಿತು. ಒಮ್ಮೆಲೇ ಸುರಿದರೆ ಬಕೆಟ್ ಮಗುಚುವ ಹೊತ್ತಿನ ನೀರು ಎಣಿಕೆಗೆ ತಪ್ಪುತ್ತದೆ.

"ಎಷ್ಟು ಬಂತು ರೈಟ್ರೇ?"

"ನಲವತ್ತೊಂಬತ್ತು ಸಾರ್."